ಹಂತ ಹಾರದ ಶಾರದಕ್ಕೋರು

ಲೆಕ್ಕ ಬಿಡಿಸಲು ಕೂತರೆ ಶಾರದಕ್ಕೋರು ಎಷ್ಟೇ ಬಾಯಾರಿದರೂ ನಡುವೆ ಏಳುತ್ತಿರಲಿಲ್ಲ. “ಈಗ ಎದ್ರೆ ಕ್ಷ ತಪ್ಪಿಸ್ಕಂಡು ಹೋಗ್ತದೆ” ಎನ್ನುತ್ತಿದ್ದರು. ಕ್ಷ ಎಂದರೆ ಬೀಜಗಣಿತದಲ್ಲಿ ನಾವು ಹುಡುಕಬೇಕಾದ ಸಂಖ್ಯೆ. ಅವರ ಮಟ್ಟಿಗೆ ಅದು ಕಣ್ಣು ತಪ್ಪಿಸಿ ಗೇರುಮರ ಹತ್ತುವ ಒಂದನೇ ಇಯತ್ತೆಯ ಪೋರ.

ಹೊಳನಗದ್ದೆಯ ಕನ್ನಡ ಶಾಲೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರೇ. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಚಿಕ್ಕ ವಯಸ್ಸಿಗೇ ನೌಕರಿಗೆ ಸೇರಿದ್ದರು. ಮುಂದೆ ಹೆಡ್ಡಕ್ಕೋರು, ಅಂದರೆ ಮುಖ್ಯ ಶಿಕ್ಷಕಿ, ಆಗುವ ಆಸೆಯಿಂದ ಎರಡು ಸಲ ಮೆಟ್ರಿಕ್ಕಿಗೆ ಕೂತರು; ಎರಡು ಸಲವೂ ಬೀಜಗಣಿತದಲ್ಲಿ ನಪಾಸು. “ಅಕ್ಕೋರೂ ನಪಾಸು!” ಎಂದು ಅವರ ಶಾಲೆಯ ಮಕ್ಕಳೇ ಬೇಲಿಯಾಚೆ ನಿಂತು ಕೂಗಿ ಓಡಿದ್ದರು.

ಅದು ಅರವತ್ತರ ದಶಕದ ಆರಂಭ. ನಾನಾಗ ಕುಮಟೆಗೆ ನಡೆದು ಹೋಗಿ ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದೆ. ಲೆಕ್ಕದಲ್ಲಿ ಚುರುಕೆಂಬ ಜಂಬ ಬೇರೆ. ಒಂದು ಸಂಜೆ ಅಕ್ಕೋರು ಪಕ್ಕದ ಮನೆಯಿಂದ ಪಾಟಿ, ಬಳಪ ಹಿಡಿದು ನಮ್ಮ ಜಗಲಿಗೆ ಬಂದರು.

“ತಂಗೀ, ಇದೊಂದು ಸಲ ನೋಡ್ತೆ. ಆಗ್ದಿದ್ರೆ ಬಿಟ್ಟೇಬಿಡ್ತೆ. ನಂಗೆ ಕಲಿಸ್ಕೊಡು.”

ನಾನು ಗತ್ತಿನಿಂದ ಬರೆದೆ: 5ಕ್ಷ − 7 = 3ಕ್ಷ + 9. “ಈಚೆಯ ಏಳು ಆಚೆಗೆ, ಆಚೆಯ ಮೂರು ಕ್ಷ ಈಚೆಗೆ. ಕ್ಷ ಎಂಟು. ಆಯ್ತು!”

“ಎಂತ ಆತು? ಈಚೆ ಮೈನಸ್ಸಾಗಿದ್ದ ಏಳು ಆಚೆ ಹೋಗಿ ಪ್ಲಸ್ಸಾತು. ದಾರಿಲಿ ಎಂತಾತು ಅದಕ್ಕೆ?”

“ಅದು ನಿಯಮ, ಅಕ್ಕೋರೇ.”

“ಯಾರ ನಿಯಮ?”

ಮರುದಿನ ಹೈಸ್ಕೂಲಿನ ಗಣಿತದ ಮಾಸ್ತರರನ್ನು ಕೇಳಿದೆ. ಅವರು ಒಮ್ಮೆ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ತಾಳ್ಮೆಯಿಂದ ಹೇಳಿಕೊಟ್ಟರು: ಏಳು ಎಲ್ಲಿಗೂ ಹೋಗುವುದಿಲ್ಲ, ಎರಡೂ ಬದಿಗೆ ಏಳು ಕೂಡಿಸಬೇಕು. ಸಂಜೆ ಅದನ್ನು ಕೇಳಿ ಅಕ್ಕೋರ ಮುಖ ಅರಳಿತು. “ಹಾಂಗೆ ಹೇಳು! ಒಬ್ಬಂಗೆ ಲಾಡು ಕೊಟ್ರೆ ಇನ್ನೊಬ್ಬಂಗೂ ಕೊಡೂಕೇ ಬೇಕು. ಇಲ್ದಿದ್ರೆ ಕ್ಲಾಸಲ್ಲಿ ಗಲಾಟೆ.” ಬಳಿಕ ಎರಡೂ ಬದಿಯಿಂದ ಮೂರು ಕ್ಷ ಕಳೆದರು. ಎರಡು ಕ್ಷ ಅಂದರೆ ಹದಿನಾರು ಎಂದಾಯಿತು. ಎರಡರಿಂದ ಭಾಗಿಸಿದರು. ಎಂಟು ಬಂತು. ಅಷ್ಟಕ್ಕೇ ಬಿಡದೆ ಎಂಟನ್ನು ಮೊದಲಿನ ಸಾಲಿಗೆ ಹಾಕಿ ತಾಳೆ ನೋಡಿದರು. ಅಲ್ಲೂ ಮೂವತ್ತಮೂರು, ಇಲ್ಲೂ ಮೂವತ್ತಮೂರು. ಆಮೇಲೆಯೇ ಎದ್ದು ಒಂದು ಚೊಂಬು ನೀರು ಕುಡಿದದ್ದು.

ಮೈನಸ್ಸಿನ ಮೈನಸ್ಸು ಪ್ಲಸ್ಸಾಗುವುದೇಕೆ ಎಂದು ನಾನು ಒದ್ದಾಡುತ್ತಿದ್ದಾಗ ಅವರೇ ದಾರಿ ತೋರಿದರು. “‘ಗಣಪು ಶಾಲೆಗೆ ಬರ್ಲಿಲ್ಲ’ ಅಂತ ಒಬ್ಬ ಹೇಳ್ದ. ‘ಅದು ಸುಳ್ಳು’ ಅಂತ ಇನ್ನೊಬ್ಬ. ಅಂದ್ರೆ ಗಣಪು ಬಂದಾನೆ ಅಂತಾಯ್ತು, ಅಲ್ದಾ?”

ಪರೀಕ್ಷೆಗೆ ಇಬ್ಬರೂ ಒಟ್ಟಿಗೇ ಕುಮಟೆಗೆ ಹೋದೆವು. ಒಂದು ಲೆಕ್ಕ ಹೀಗಿತ್ತು: ತಂದೆಯ ವಯಸ್ಸು ಮಗನ ವಯಸ್ಸಿನ ಮೂರುಪಟ್ಟು, ಹನ್ನೆರಡು ವರ್ಷದ ಮೇಲೆ ಎರಡುಪಟ್ಟು. ವಾಪಸು ಬರುವಾಗ ಅಕ್ಕೋರು ಮೆಲ್ಲಗೆ ಬಾಯಿಬಿಟ್ಟರು.

“ನಂಗೆ ಅಪ್ಪಂಗೆ ಹನ್ನೆರಡು, ಮಗಂಗೆ ಮೂವತ್ತಾರು ಬಂತು.”

“ಅಯ್ಯೋ! ಹೊಡೆದು ಹಾಕಿದ್ರಾ?”

“ಹೊಸದಾಗಿ ಮಾಡೂಕೆ ಹೊತ್ತಿರ್ಲಿಲ್ಲ. ಕೆಳಗೆ ಬರ್ದೆ: ‘ಮಗ ತಂದೆಗಿಂತ ಹಿರಿಯನಾಗಲಾರ. ಮೊದಲ ಹಂತದಲ್ಲಿ ತಂದೆಗೆ ಕ್ಷ, ಮಗನಿಗೆ ಮೂರು ಕ್ಷ ಎಂದು ತಿರುಗುಮುರುಗಾಗಿ ಹಿಡಿದದ್ದು ನನ್ನ ತಪ್ಪು. ಗಂಟೆ ಹೊಡೆಯಿತು.’”

“ಪರೀಕ್ಷೇಲಿ ಹಾಗೆಲ್ಲ ಬರೀತಾರಾ?”

“ತಪ್ಪು ಅಂತ ಗೊತ್ತಿದ್ದೂ ಸುಮ್ನೆ ಕೊಟ್ಟು ಬರೂದಾ?”

ಈ ಸಲವೂ ಮುಳುಗಿದರೆಂದೇ ನನ್ನ ಲೆಕ್ಕ. ಆದರೆ ಪರೀಕ್ಷೆಯಲ್ಲಿ ಉತ್ತರಕ್ಕಷ್ಟೇ ಅಲ್ಲ, ಬರೆದ ಒಂದೊಂದು ಹಂತಕ್ಕೂ ಅಂಕವಿತ್ತು. ಅಂಕಪಟ್ಟಿ ಬಂದಾಗ ಗಣಿತದಲ್ಲಿ ಅವರಿಗೆ ನಲವತ್ತೊಂದು, ನನಗೆ ಮೂವತ್ತೊಂಬತ್ತು. ಅಕ್ಕೋರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ನಗು ತಡೆಯುತ್ತ ಕೇಳಿದರು: “ತಂಗೀ, ಎಷ್ಟು ಹಂತ ಹಾರಿದ್ದೆ?”

ಅವರನ್ನು ಕೊನೆಯ ಸಲ ಕಂಡದ್ದು ಮಂಕಿಯಲ್ಲಿ. ನಾನು ಮದುವೆಯಾಗಿ ಭಟ್ಕಳ ಸೇರಿದ್ದೆ. ಅವರು ಮಂಕಿಯ ಶಾಲೆಯೊಂದಕ್ಕೆ ಹೆಡ್ಡಕ್ಕೋರಾಗಿದ್ದರು. ಅದರ ಮುಂದಿನ ಮಳೆಗಾಲದಲ್ಲೇ ಜ್ವರದಿಂದ ತೀರಿಕೊಂಡರು. ನಾನು ಅವರನ್ನು ನೋಡಲು ಶಾಲೆಗೆ ಹೋಗಿದ್ದ ದಿನ ಕಿಟಕಿಯಲ್ಲಿ ನನ್ನನ್ನು ಕಂಡವರೇ ಕೈ ಹಿಡಿದು ಏಳನೇ ಇಯತ್ತೆಯೊಳಗೆ ಎಳೆದುಕೊಂಡು ಹೋದರು.

“ಮಕ್ಕಳೇ, ಇವ್ರು ನನ್ನ ಅಕ್ಕೋರು. ಎದ್ದು ನಮಸ್ಕಾರ ಮಾಡಿ.”

ಮಕ್ಕಳೆಲ್ಲ ದಡಬಡ ಎದ್ದರು. ತಮಾಷೆಯೆಂದುಕೊಂಡು ನಗುತ್ತ ತಿರುಗಿದೆ. ಶಾರದಕ್ಕೋರೂ ಕೈ ಮುಗಿದುಕೊಂಡು ನಿಂತಿದ್ದರು. ಅವರು ನಗುತ್ತಿರಲಿಲ್ಲ.