ಬಡಿಯದ ಹಿತ್ತಲ ಬಾಗಿಲು

ಈರಪ್ಪಾ, ನಿನ್ನ ಹಿತ್ತಲ ಬಾಗಿಲನ್ನು ನಾನು ಬಡಿಯಲೇ ಇಲ್ಲ. ಬಡಿದೆ ಎಂದು ಬೀದಿಯಲ್ಲಿ ನಿಂತು ಹೇಳಿದ್ದು ಸುಳ್ಳು.

ಇದು ನಿನಗೆ ಹೊಸ ಸುದ್ದಿಯಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನ ಮೇಲೆ ಪ್ರೀತಿ ಹುಟ್ಟಿದೆ ಎಂದುಕೊಳ್ಳಬೇಡ; ನಿನ್ನ ಹೆಸರು ಕೇಳಿದರೆ ಇಂದಿಗೂ ನನ್ನ ಹಲ್ಲು ಬಿಗಿಯುತ್ತದೆ.

ಬೈಲಹೊಂಗಲದ ಆ ಬೀದಿಯಲ್ಲಿ ನಾವು ಎದುರುಬದುರು. ನಾನು ನಾಯಿಯ ತಿಂಡಿ, ಸರಪಳಿ, ಕುದುರೆಯ ಲಗಾಮು ಮಾರುವವನು. ನೀನು ಎತ್ತು, ಕುದುರೆಗಳಿಗೆ ಲಾಳ ಕಟ್ಟುವವನು. ಫೋನಿನ ನಕ್ಷೆಯಲ್ಲಿ ನನ್ನ ಅಂಗಡಿ ಇತ್ತು, ನಿನ್ನದು ಇರಲಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗ — ಎಲ್ಲಿಂದ ಹುಡುಕಿಕೊಂಡು ಬಂದರೂ ಗಾಡಿ ನನ್ನ ಬಾಗಿಲಿಗೇ ನಿಲ್ಲುತ್ತಿತ್ತು. ಇಳಿದವರು ಕೇಳುತ್ತಿದ್ದುದು ಮಾತ್ರ ನಿನ್ನನ್ನು. ನೀನು ಅಲ್ಲಿಂದಲೇ ಕೂಗುತ್ತಿದ್ದೆ: “ನೋಡ್ರ್ಯೋ, ಎಂ.ಎ. ಮಾಡಿದ ಸಾಹೇಬ್ರು ನಾಯಿ ಬಿಸ್ಕೀಟ ಮಾರಾಕತ್ತಾರ! ಹಸಿವಾದ್ರ ತಾವೂ ಎರಡ ತಿಂತಾರ!” ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ — ಅದೇ ನನಗೆ ಹೆಚ್ಚು ಉರಿಯುತ್ತಿತ್ತು.

ಅದು ನಡೆದದ್ದು ಒಂದು ಸೋಮವಾರ. ನಮ್ಮ ಕಡೆ ಬಸವಣ್ಣನ ವಾರ; ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನೀನೂ ಲಾಳ ಮುಟ್ಟುತ್ತಿರಲಿಲ್ಲ. ಅಂಗಡಿಗೆ ಬೀಗ, ಫೋನೂ ಬಂದ್. ಆದರೆ ಅಂಗಡಿಯ ಹಿಂದೆಯೇ ನಿನ್ನ ಮನೆ; ಕುಂಟುವ ಪ್ರಾಣಿ ಬಂದಾಗ ಹಿತ್ತಲ ಬಾಗಿಲು ಬಡಿದರೆ ಸಾಕು, ನೀನು ಉಣ್ಣುವ ತಾಟು ಬಿಟ್ಟು ಎದ್ದು ಬರುತ್ತಿದ್ದೆ. ಇದು ಓಣಿಗೆಲ್ಲ ಗೊತ್ತಿತ್ತು. ಹೂಲಿಯ ಸೋಮಣ್ಣನಿಗೆ ಗೊತ್ತಿರಲಿಲ್ಲ.

ಮದುವೆ ಮೆರವಣಿಗೆಗೆ ಕಳಿಸುವ ಬಿಳಿ ಹೆಣ್ಣುಕುದುರೆಯನ್ನು ಆತ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಎರಡು ದಿನದ ಹಿಂದೆ ನೀನೇ ಲಾಳ ಕಟ್ಟಿದ್ದೆ. ಒಂದು ಮೊಳೆ ಗೊರಸಿನ ಹಸಿ ಭಾಗಕ್ಕೆ ತಗುಲಿತ್ತು. ಎಂಥ ಪಳಗಿದ ಕೈಯಿಂದಲೂ ಒಮ್ಮೆ ಆಗುವ ತಪ್ಪು. ಮೊಳೆ ಕಿತ್ತಿದ್ದರೆ ಮುಗಿಯುತ್ತಿತ್ತು. ನಿನ್ನ ಬಾಗಿಲಿಗೆ ಬೀಗ ಕಂಡು ಆತ ನನ್ನನ್ನು ಕೇಳಿದ.

ನಾನು ಬೀಗವನ್ನಷ್ಟೇ ತೋರಿಸಿದೆ, ಉಳಿದದ್ದು ಅವನೇ ಊಹಿಸಿಕೊಂಡ — ಬಹುಕಾಲ ನನ್ನ ನೆನಪು ಹೀಗೇ ಹೇಳುತ್ತಿತ್ತು. ನೆನಪು ನನ್ನ ಪರ ವಾದಿಸುವಾಗ ನಾನು ಅದನ್ನು ನಂಬಬಾರದು. ನಾನು ಅಂದದ್ದು ಇದು: “ಅಂವಾ ಅಂಗಡಿ ಮುಚ್ಚಿ ಓಡಿ ಹೋಗ್ಯಾನ್ರಿ. ಇನ್ನ ಬರಂಗಿಲ್ಲ.” ಕುದುರೆ ಮುಂಗಾಲೊಂದನ್ನು ಎತ್ತಿ ಹಿಡಿದಿತ್ತು. ಅದನ್ನು ನೋಡಿದ್ದೆನೆ? ನೋಡಿದ್ದೆ.

ಸೋಮಣ್ಣ ಅಲ್ಲಿಂದಲೇ ರಾಮದುರ್ಗದ ದಾರಿ ಹಿಡಿದ. ಅಲ್ಲಿ ಲಾಳ ಕಟ್ಟುವವರು ಸಿಗಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಗೊರಸಿನೊಳಗೆ ಕೀವು ತುಂಬಿತ್ತು. ಆ ಕುದುರೆ ಮತ್ತೆ ಯಾವ ಮದುಮಗನನ್ನೂ ಹೊರಲಿಲ್ಲ.

ಕೆಲವು ವಾರಗಳ ಮೇಲೆ ಆತ ಬಂದು ನಿನ್ನ ಅಂಗಿ ಹಿಡಿದ. “ನನ್ನ ಕುದರಿ ಕುಂಟ ಮಾಡಿ ಎಲ್ಲಿ ಓಡಿದ್ಯೋ ಮಗನ?”

“ನಾ ಎಲ್ಲಿ ಓಡ್ಲಿ ಮಾರಾಯಾ? ಹಿತ್ತಲದಾಗ ಇದ್ನಿ!”

“ಹೇಳ್ರಿ ಸಾಹೇಬ್ರ, ನೀವ ಅಂದ್ರಿ,” ಎಂದು ಸೋಮಣ್ಣ ನನ್ನತ್ತ ತಿರುಗಿದ. ಬೀದಿಯೆಲ್ಲ ನೋಡುತ್ತಿತ್ತು. ತಪ್ಪಾಯಿತು ಅನ್ನಲು ಆಗಲೂ ಅವಕಾಶವಿತ್ತು. ನಾನು ಅಂದೆ: “ಹಿತ್ತಲ ಬಾಗಲಾ ಬಡದ್ನಿ. ಯಾರೂ ಓ ಅನ್ನಲಿಲ್ಲ.”

ಓದಿದವನ ಮಾತನ್ನು ಬೀದಿ ನಂಬಿತು, ನಿನ್ನದನ್ನು ನಂಬಲಿಲ್ಲ. ನೀನು ನೆಲಕ್ಕೆ ಉಗುಳಿ, “ನಿನ್ನ ಬಿಸ್ಕೀಟ ತಿಂದ ನಾಯಿಗೂ ನಿನಗಿಂತ ನಿಯತ್ತ ಐತಿ,” ಎಂದೆ.

ನೀನು ಕುದುರೆಯ ಹಸಿ ಗೊರಸಿಗೆ ಮೊಳೆ ಬಡಿದು ಅಡಗಿ ಕೂತವನು ಎಂಬ ಮಾತು ಹೂಲಿಯಿಂದ ಮನೋಳಿಗೆ, ಅಲ್ಲಿಂದ ಮುಂದಕ್ಕೆ ಹಬ್ಬಿತು. ಕುದುರೆಗಳು ಬರುವುದು ನಿಂತಿತು, ಆಮೇಲೆ ಎತ್ತುಗಳದೂ. ಕೊನೆಗೆ ನೀನು ನಿಜವಾಗಿಯೂ ಬೀಗ ಹಾಕಿ ಹೊರಟೆ. ಈಗ ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಗಾಡಿಯ ಎತ್ತುಗಳಿಗೆ ಲಾಳ ಕಟ್ಟುತ್ತೀಯಂತೆ.

ನಾನು ಗೆದ್ದೆ — ಹಾಗೆಂದುಕೊಂಡಿದ್ದೆ. ಗಾಡಿಗಳು ಇಂದಿಗೂ ನನ್ನ ಬಾಗಿಲಿಗೇ ನಿಲ್ಲುತ್ತವೆ. ಮೊನ್ನೆಯೂ ಕಿತ್ತೂರಿನವನೊಬ್ಬ ಕೇಳಿದ: “ಇಲ್ಲೆ ಲಾಳ ಕಟ್ಟಾಂವ ಒಬ್ಬಾಂವ ಇದ್ನಲ್ರಿ?” ಅಂಗಡಿ ಮುಚ್ಚಿ ಹೋಗ್ಯಾನ್ರಿ ಎಂದೆ. ಅಂದು ಆಡಿದ್ದ ಮಾತೇ. ಈಗ ಅದು ನಿಜ. ನಿಜ ಮಾಡಿದವನು ನಾನು.

ನಿನ್ನ ಕ್ಷಮೆ ಕೇಳಲು ಬರುವುದಿಲ್ಲ. ಕೇಳಿದರೂ ನೀನು ಕೊಡುವವನಲ್ಲ, ಕೊಡಲೂ ಬೇಡ. ಬರುವ ಸೋಮವಾರ ಹೂಲಿಗೆ ಹೋಗುತ್ತೇನೆ. ಸೋಮಣ್ಣನ ಮನೆಯ ಮುಂದೆ, ಅವನ ಊರವರು ಕೇಳುವಂತೆ ಹೇಳುತ್ತೇನೆ — ಈರಪ್ಪ ಮನೆಯಲ್ಲೇ ಇದ್ದ, ನಾನು ಬಾಗಿಲು ಬಡಿಯಲಿಲ್ಲ. ಅವನು ನನ್ನ ಅಂಗಿ ಹಿಡಿಯಲಿ.