ಗುರುವಾರದ ಕಿಟಕಿ

ಹುಬ್ಬಳ್ಳಿ-ಧಾರವಾಡದ ನಡುವಿನ ಸತ್ತೂರಿನ ದವಾಖಾನೆಯ ಎದುರಿನ ಔಷಧದಂಗಡಿಯಲ್ಲಿ ಶಿವಯೋಗೀಶ ಆರು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದಾನೆ. ಡಾಕ್ಟರುಗಳ ಅಕ್ಷರ ಓದುವುದರಲ್ಲಿ ತನ್ನ ಸಮಾನ ಯಾರೂ ಇಲ್ಲ ಎಂದು ಹೇಳಿಕೊಳ್ಳುತ್ತಾನೆ. ಆ ಮಾತನ್ನು ಬೇರೆಯವರು ಇನ್ನೂ ಹೇಳಿಲ್ಲ. ಅದು ಬಿಟ್ಟರೆ ಅವನ ಹತ್ತಿರ ಇರುವುದು ದುಂಡಗಿನ ಕೈಬರಹ. ಅವನ ಊರು ಶಿರಗುಪ್ಪಿಯಲ್ಲಿ ಯಾರು ಅರ್ಜಿ ಬರೆಸಬೇಕಾದರೂ ಅವನ ಮನೆಯ ಕಟ್ಟೆಗೇ ಬಂದು ಕೂಡುತ್ತಾರೆ. ಅರ್ಜಿಗಳ ಕೆಲಸ ಆಗುವುದು ಅಪರೂಪ. ಆದರೆ ಓದಲಿಕ್ಕೆ ಛಲೋ ಇರುತ್ತವೆ.

ಅವನು ಮನೆ ಬಿಡುವುದು ಮುಂಜಾನೆ ಐದೂ ಮುಕ್ಕಾಲಿಗೆ. ಹುಬ್ಬಳ್ಳಿಯ ತನಕ ಒಂದು ಬಸ್ಸು, ಅಲ್ಲಿಂದ ಧಾರವಾಡಕ್ಕೆ ಓಡುವ ಚಿಗರಿ ಬಸ್ಸು. ಆಗ ಐದು ವರ್ಷದ ಮಗಳು ಪ್ರಾಚಿ ಮಲಗಿರುತ್ತಾಳೆ. ಅವನು ತಿರುಗಿ ಬರುವ ಹೊತ್ತಿಗೆ ಮತ್ತೆ ಮಲಗಿರುತ್ತಾಳೆ. ಹೀಗಾಗಿ ಮಗಳ ಪರಿಚಯ ಅವನಿಗೆ ಹೆಚ್ಚಾಗಿ ಕಣ್ಣು ಮುಚ್ಚಿದ ಮುಖದ್ದು. ರವಿವಾರ ಅರ್ಧ ದಿನ ಮಾತ್ರ ಆ ಮುಖ ಮಾತಾಡುತ್ತದೆ.

ಧಾರವಾಡದ ಆಚೆಗಿನ ಇಂಗ್ಲಿಷ್ ಸಾಲಿಗೇ ಅವಳನ್ನು ಹಾಕಬೇಕೆಂದು ಹಟ ಹಿಡಿದವನೂ ಅವನೇ. ಅವನು ಓದಿದ ಸಾಲಿ ಮನೆಯಿಂದ ಇನ್ನೂರು ಹೆಜ್ಜೆ ದೂರ ಇತ್ತು, ದಿನಾ ತಡವಾಗಿ ಹೋಗುತ್ತಿದ್ದ. ಈಗ ಅವನ ಮಗಳು ಆರೂ ನಲವತ್ತಕ್ಕೆ ಬಸ್ಸು ಹತ್ತಿ, ಊರೂರು ಸುತ್ತಿ, ಹುಬ್ಬಳ್ಳಿಯ ಗಲ್ಲಿಗಳನ್ನೆಲ್ಲ ನೋಡಿ, ಹತ್ತಿರ ಹತ್ತಿರ ಎರಡು ತಾಸಿಗೆ ಸಾಲಿ ಮುಟ್ಟುತ್ತಿದ್ದಳು. ಸಂಜೆ ಮತ್ತೆ ಅಷ್ಟೇ.

ಆದರೆ ಆ ಬಸ್ಸು ಎಂಟೂ ಹತ್ತಕ್ಕೆ ಅವನ ಅಂಗಡಿಯ ಮುಂದೆ ಹಾಯುತ್ತಿತ್ತು. ಅಲ್ಲಿ ಒಂದು ಹಂಪ್ ಇದೆ. ಬಸ್ಸು ನಿಧಾನವಾಗಿ ಮುಂದಿನ ಗಾಲಿ ಹತ್ತಿಸಿ, ಇಳಿಸಿ, ಹಿಂದಿನ ಗಾಲಿ ಹತ್ತಿಸುವ ತನಕ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿಗೆ ಶಿವಯೋಗೀಶ ಗಿರಾಕಿಗಳನ್ನು ಬಿಟ್ಟು ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದ. ತೊಡಕು ಇಷ್ಟೇ, ಅಂಗಡಿ ಇದ್ದದ್ದು ಎಡಗಡೆ, ಮಗಳು ಕೂಡುತ್ತಿದ್ದದ್ದು ಬಲಗಡೆ.

ಬಸ್ಸಿನ ಮಕ್ಕಳನ್ನು ನೋಡಿಕೊಳ್ಳುವ ಗುಲ್ಜಾರಬಿ ಅವನ ಊರಿನವಳೇ. ಒಂದು ರವಿವಾರ ಹೋಗಿ ಕೇಳಿದ.

"ಅಕ್ಕಾರ, ನಮ್ಮ ಪ್ರಾಚಿಗೆ ದಿನಾ ಎಡಗಡೆ ಕಿಟಕಿ ಕೊಡ್ರಿ."

"ದಿನಾ ಬೇಕಂದ್ರ ನೀನಽ ಒಂದು ಬಸ್ ತಗೋ ತಮ್ಮಾ. ಸಣ್ಣವರು ಐದು ಮಂದಿ ಅದಾರ. ದಿನಕ್ಕೊಬ್ಬರಿಗೆ ಸರದಿ. ನಿನ್ನ ಮಗಳದು ಗುರುವಾರ."

"ಶನಿವಾರ ಯಾರದ್ರೀ?"

"ಶನಿವಾರ ವಾಂತಿ ಮಾಡ್ಕೊಳ್ಳೋರದು."

ಹೀಗೆ ಅವನ ಪಾಲಿಗೆ ವಾರದಲ್ಲಿ ಒಂದು ಗುರುವಾರ ಬಂತು. ಅವತ್ತು ಗಾಜಿಗೆ ಮೂಗು ಒತ್ತಿ ಮಗಳು ಕೈ ಮಾಡುತ್ತಿದ್ದಳು, ಇವನೂ ಮಾಡುತ್ತಿದ್ದ. ಉಳಿದ ದಿನ ಬಸ್ಸಿನ ಹಳದಿ ಬಣ್ಣಕ್ಕೇ ಕೈ ಮಾಡಿ ಒಳಗೆ ಬರುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಹೆಂಡತಿ ದಾಕ್ಷಾಯಿಣಿ ಹೇಳಿದಳು. "ಹಲ್ಲು ತಿಕ್ಕೂ ಮುಂದ ಬ್ರಶ್ ಬಾಯಾಗ ಇಟ್ಕೊಂಡು ಮಲಗತೈತ್ರಿ ಕೂಸು. ಇಡೀ ಊರಿಗೆ ಅರ್ಜಿ ಬರದು ಕೊಡ್ತೀರಿ. ಇದಕ್ಕೊಂದು ಬರೀರಿ."

ಬರೆದ. ಹುಬ್ಬಳ್ಳಿಯ ಮಕ್ಕಳಿಗೆ ಬೇರೆ ಬಸ್ಸು ಇರುವುದರಿಂದ ನಮ್ಮ ಹಳ್ಳಿಯ ಬಸ್ಸು ಶಹರದೊಳಗೆ ಹೋಗದೆ ಬೈಪಾಸ್ ಹಿಡಿಯಲಿ, ಮಕ್ಕಳಿಗೆ ಮೂವತ್ತೈದು ನಿಮಿಷ ಉಳಿಯುತ್ತದೆ ಎಂದು. ಪಾಲಕರೆಲ್ಲ ಸಹಿ ಹಾಕಿದರು. ಸಾಲದ್ದಕ್ಕೆ ನಕಾಶೆಯೂ ಇರಲಿ ಎಂದು ಸ್ಕೇಲು ಹಿಡಿದು, ಶಿರಗುಪ್ಪಿಯಿಂದ ಬೈಪಾಸಿಗೆ, ಬೈಪಾಸಿನಿಂದ ಸಾಲಿಗೆ ಕೆಂಪು ಗೆರೆ ಎಳೆದ. ಎಳೆದು ಮುಗಿಸಿ ದೂರ ಹಿಡಿದು ನೋಡಿದಾಗ, ಅವನ ಅಂಗಡಿಯ ಸತ್ತೂರು ಗೆರೆಯ ಆಚೆ ಉಳಿದಿತ್ತು. ಇಷ್ಟು ಚಂದದ ಗೆರೆಯನ್ನು ಅವನು ಜನ್ಮದಲ್ಲಿ ಎಳೆದಿರಲಿಲ್ಲ.

ಅರ್ಜಿ ಎಂಟು ದಿನ ಅವನ ಅಂಗಿಯ ಕಿಸೆಯಲ್ಲೇ ಉಳಿಯಿತು. ಯಾರಾದರೂ ಕೇಳಿದರೆ ಸಾಲಿಯವರು ಸಿಗಲಿಲ್ಲ ಅನ್ನುತ್ತಿದ್ದ. ಸಾಲಿ ಎಲ್ಲಿಗೂ ಹೋಗಿರಲಿಲ್ಲ.

ಎಂಟನೆಯ ದಿನ ಗುರುವಾರ. ಎಂಟೂ ಹತ್ತಕ್ಕೆ ಬಸ್ಸು ಹಂಪ್ ಹತ್ತಿತು. ಕಿಟಕಿಯಲ್ಲಿ ಪ್ರಾಚಿ ಇದ್ದಳು, ಆದರೆ ನಿದ್ದೆಯಲ್ಲಿ. ಗಾಲಿ ಇಳಿದಾಗ ತಲೆ ಗಾಜಿಗೆ ಬಡಿಯಿತು, ಎಚ್ಚರಾಗಲಿಲ್ಲ. ಹಿಂದೆ ಕೂತ ಗುಲ್ಜಾರಬಿ ಮೆಟ್ಟಿಲ ಮೇಲಿದ್ದ ಇವನನ್ನು ನೋಡಿದಳು. ಒಂದು ಅಂಗೈಯನ್ನು ಮಗುವಿನ ತಲೆಗೂ ಗಾಜಿಗೂ ನಡುವೆ ತೂರಿಸಿ, ಇನ್ನೊಂದು ಕೈಯಿಂದ ಮಗುವಿನ ಮಣಿಕಟ್ಟು ಹಿಡಿದೆತ್ತಿ, ಅತ್ತಿತ್ತ ಆಡಿಸಿದಳು. ಸರದಿ ಅಂದರೆ ಸರದಿ. ಶಿವಯೋಗೀಶನೂ ಕೈ ಎತ್ತಿದ. ಬಸ್ಸು ಹೋಯಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಊಟ ಬಿಟ್ಟು ಸಾಲಿಗೆ ಹೋಗಿ ಅರ್ಜಿ ಕೊಟ್ಟು ಬಂದ. ಅವನ ಅರ್ಜಿಗಳ ಚರಿತ್ರೆ ನೋಡಿದರೆ ಇದೂ ಫೈಲಿನಲ್ಲಿ ಮಲಗಬೇಕಿತ್ತು. ಆದರೆ ಸಾಲಿಯವರಿಗೆ ನಕಾಶೆ ಬಹಳ ಹಿಡಿಸಿತಂತೆ. ಮುಂದಿನ ಸೋಮವಾರದಿಂದಲೇ ಬಸ್ಸು ಬೈಪಾಸ್ ಹಿಡಿಯಿತು. ಪಾಲಕರು ಅವನನ್ನು ಕಂಡಲ್ಲೆಲ್ಲ ಚಹಾ ಕುಡಿಸಿದರು.

ಎರಡು ವಾರ ಕಳೆದ ಮೇಲೆ ರವಿವಾರ ಪ್ರಾಚಿ ಅವನ ತೊಡೆಯ ಮೇಲೆ ಕೂತು ಕೇಳಿದಳು. "ಪಪ್ಪಾ, ನಿನ್ನ ಅಂಗಡಿ ಎಲ್ಲಿ ಹೋತು?"

"ಅಲ್ಲೇ ಐತೆಲ್ಲವ್ವಾ."

"ಇಲ್ಲ. ಗುರುವಾರ ಕಿಟಕ್ಯಾಗ ಕುಂತು ನೋಡೇನಿ. ಬರೇ ಹೊಲಾ, ಲಾರಿ, ಟೋಲ್ ನಾಕಾ. ಎಲ್ಲಾ ಕಡೆ ಕೈ ಮಾಡಿದೆ. ಟೋಲ್ ಮಾಮಾ ಮಾಡಿದ. ನೀ ಮಾಡ್ಲಿಲ್ಲ."

"ಬಸ್ಸು ಬ್ಯಾರೆ ದಾರಿ ಹಿಡದೈತಿ."

"ಹಂಗ ಹೋಗು ಅಂತ ಯಾರು ಹೇಳಿದ್ರು?"

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಹೇಳ್ರಿ," ಅಂದಳು ದಾಕ್ಷಾಯಿಣಿ, "ಯಾರು ಅಂತ."

"ನಾನಽ," ಅಂದ.

ಪ್ರಾಚಿ ಸ್ವಲ್ಪ ಹೊತ್ತು ಅವನ ಅಂಗಿಯ ಗುಂಡಿ ತಿರುವುತ್ತ ಕೂತಳು. ಆಮೇಲೆ ಅವಳೇ ದಾರಿ ತೆಗೆದಳು. "ಹಂಗಾದ್ರ ಟೋಲ್ ನಾಕಾ ಬಂದಾಗ ನಾ ಕೈ ಮಾಡ್ತೀನಿ. ನೀ ಅಂಗಡ್ಯಾಗಿಂದ ಮಾಡು."

ಗುರುವಾರ ಬಂತು. ಬಸ್ಸು ಟೋಲ್ ನಾಕಾ ಮುಟ್ಟುವ ಹೊತ್ತು ಏಳೂ ಮುಕ್ಕಾಲು. ಗುಲ್ಜಾರಬಿಯನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದ. ಅಂಗಡಿಯಲ್ಲಿ ಮಾಲಕ ಶಶಿಕಾಂತ ಕಾಕಾ ಊದಿನಕಡ್ಡಿ ಹಚ್ಚುತ್ತಿದ್ದರು. ಶಿವಯೋಗೀಶ ಗಡಿಯಾರ ನೋಡಿ, ಮಾತ್ರೆಯ ಡಬ್ಬಿ ಕೆಳಗಿಟ್ಟು, ಬೈಪಾಸ್ ಇರುವ ದಿಕ್ಕಿನ ಗೋಡೆಯ ಕಡೆ ಕೈ ಎತ್ತಿ ಆಡಿಸಿದ.

"ಏನೋ, ಯಾರಿಗೆ ಕೈ ಮಾಡಾಕತ್ತಿ?"

"ನೊಣಾ ಓಡಸಾಕತ್ತೇನ್ರಿ ಕಾಕಾ."

ಗಾಜಿನ ಬಾಗಿಲು ಹಾಕಿದ ಅಂಗಡಿಯಲ್ಲಿ ನೊಣ ಎಲ್ಲಿಂದ ಬಂತೆಂದು ಕಾಕಾ ಚಸ್ಮಾ ಏರಿಸಿ ಕಪಾಟುಗಳನ್ನೆಲ್ಲ ನೋಡತೊಡಗಿದರು. ಅವರು ಹುಡುಕುವಷ್ಟರಲ್ಲಿ ಶಿವಯೋಗೀಶ ಇನ್ನೂ ಎರಡು ಸಲ ನೊಣ ಓಡಿಸಿದ.