ಅವರ ಹೊಟ್ಟೆಗೆ ಆಗದ ಖಾರ

“ನಿಮ್ಮ ಯಜಮಾನ್ರಿಗೆ ಖಾರ ಆಗಿಬರ್ತಿದ್ದಿಲ್ಲಾ? ಯಾರ ಹೇಳಿದ್ರವ್ವಾ ನಿಮಗ!” ಎಂದು ರಾಣೆಬೆನ್ನೂರಿನ ಖಾರ ಕುಟ್ಟುವ ಗಿರಣಿಯ ಶಾಂತಕ್ಕ ನಕ್ಕುಬಿಟ್ಟರು.

ನಮ್ಮನೆಯವರು ತೀರಿಕೊಂಡ ಮೇಲೆ ವರ್ಷದ ಖಾರ ಕುಟ್ಟಿಸಲು ನಾನೇ ಹೋದದ್ದು ಅದೇ ಮೊದಲು. ಖಾರದ ಗುಂಟೂರು ಮೆಣಸಿನಕಾಯಿ ಎಷ್ಟು ಬೆರೆಸಲಿ ಎಂದು ಶಾಂತಕ್ಕ ಎಲ್ಲರನ್ನೂ ಕೇಳುವಂತೆ ಕೇಳಿದಾಗ, “ಬರೀ ಬ್ಯಾಡಗಿ ಸಾಕ್ರಿ. ನಮ್ಮನಿಯವ್ರ ಹೊಟ್ಟಿಗೆ ಖಾರ ಆಗಿಬರ್ತಿದ್ದಿಲ್ಲ, ನನಗೂ ಅದ ರೂಢಿ” ಎಂದಿದ್ದೆ. ಮದುವೆಯಾದ ಹೊಸತರಲ್ಲಿ ಅವರು ತಮ್ಮ ತಾಯಿಗೆ ಹಾಗೆಯೇ ಹೇಳಿದ್ದರು. ಅತ್ತೆ ಗೊಣಗುತ್ತಲೇ ಅಡುಗೆಯ ಖಾರ ಇಳಿಸಿದ್ದರು. ತವರಿನಲ್ಲಿ ಖಾರ ಕಡಿಮೆ ಉಂಡು ಬೆಳೆದ ನಾನು, ಸದ್ಯ ಬದುಕಿದೆ ಅಂದುಕೊಂಡಿದ್ದೆ.

ಶಾಂತಕ್ಕ ತೂಕ ಮಾಡುವುದನ್ನು ನಿಲ್ಲಿಸಿ ಹೇಳಿದರು: “ಕುಟ್ಟಿ ಮುಗಿಯೂತನಕ ಇಲ್ಲೇ ಕುಂತು ಮಿರ್ಚಿ ಭಜಿ ತಿಂತಿದ್ರು, ಮ್ಯಾಲೆ ಎರಡು ಹಸಿಮೆಣಸಿನಕಾಯಿ ಕಡಕೋತಿದ್ರು. ಮತ್ತ ಬರೀ ಬ್ಯಾಡಗಿ ಕುಟ್ಟಿಸಿ ಮನ್ಯಾಗ ಯಾಕ ಸಪ್ಪನ ಉಣ್ತೀರಿ ಅಂತ ಕೇಳಿದೆ. ‘ನಮ್ಮಾಕಿ ಹೊಸದಾಗಿ ಬಂದಾಗ ಉಣ್ಣಾಕ ಕುಂತ್ರ ಕಣ್ಣಾಗ ನೀರು. ಸೊಸಿ ಭಾಳ ನಾಜೂಕಂತ ಅವ್ವ ಆಡ್ಕೊಂಡಾಳು ಅಂತ ನನ್ನ ಹೆಸರ ಹೇಳೇನಿ’ ಅಂದ್ರು. ನಿಮಗ ಹೇಳಬ್ಯಾಡ ಅಂದಿದ್ರು. ಈಗ ಹೇಳಿದ್ರ ಬೈಯಾಕ ಅವ್ರಿಲ್ಲಲ್ಲ.”

ಇಪ್ಪತ್ತೆಂಟು ವರ್ಷ ಅವರ ಹೊಟ್ಟೆಯ ಚಿಂತೆಯಲ್ಲಿ ನಾನು ತಾಟಿಗೆ ಮೊಸರು ಸುರಿದೆ. ಅವರು ತುಟಿ ಎರಡು ಮಾಡದೆ ಉಂಡು ಎದ್ದರು. ಗಿರಣಿಯ ಘಾಟಿನಲ್ಲಿ ನಾನು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದೇ ಒಂದು ದಿನ ಅವರಿಗೆ ಬಾಯಿ ಉರಿಯುವಂತೆ ಬಡಿಸಬೇಕಿತ್ತು.